ಆರು ಪ್ರಶ್ನೆ ಕೇಳಿದರೆ ಪಂಚಾಯಿತಿಯ ವಿಕಲಚೇತನರ ಪಟ್ಟಿಗಿಂತ ಎಷ್ಟೋ ಜಾಸ್ತಿ ಜನ ಸಿಗ್ತಿದ್ದಾರೆ. ಯಾವುದನ್ನು ನಂಬೋದು?

ಗಂಗಾವತಿ ಸರ್ವೆಯವಳು

ಎಲ್ಲರಿಗೂ ನಮಸ್ಕಾರ. ಕೊಪ್ಪಳ ಜಿಲ್ಲೆಯಲ್ಲಿ ಒಂದು ಸಂಸ್ಥೆಗೆ ಮನೆ ಮನೆ ಸಮೀಕ್ಷೆ ಮಾಡಿಸ್ತಿದ್ದೇನೆ. ಕುಡಿಯುವ ನೀರು, ಶೌಚಾಲಯ, ಮಕ್ಕಳ ಶಾಲೆ, ಉದ್ಯೋಗ ಖಾತ್ರಿ ಕೂಲಿ, ಇಂಥವು. ಜೊತೆಗೆ ವಾಷಿಂಗ್ಟನ್ ಗ್ರೂಪ್‌ನ ಆರು ಪ್ರಶ್ನೆಗಳನ್ನೂ ಕೇಳಲೇಬೇಕು ಅಂತ ಹಣ ಕೊಡುವವರ ಷರತ್ತು. ಗೊತ್ತಿಲ್ಲದವರಿಗೆ ಹೇಳ್ತೀನಿ, ಅದು ನಾನಾ ದೇಶಗಳ ಅಂಕಿಸಂಖ್ಯೆ ಕಚೇರಿಗಳ ಗುಂಪು, ಅಂಗವೈಕಲ್ಯ ಅಳೆಯೋಕೆ ಅವರು ಮಾಡಿದ ಪ್ರಶ್ನೆಗಳು ಇವು. ನೋಡೋದು, ಕೇಳಿಸ್ಕೊಳ್ಳೋದು, ನಡೆಯೋದು ಅಥವಾ ಮೆಟ್ಟಿಲು ಹತ್ತೋದು, ನೆನಪಿಟ್ಟುಕೊಳ್ಳೋದು ಅಥವಾ ಗಮನ ಕೊಡೋದು, ಸ್ನಾನ ಮಾಡಿ ಬಟ್ಟೆ ಹಾಕ್ಕೊಳ್ಳೋದು, ಇನ್ನೊಬ್ಬರ ಮಾತು ಅರ್ಥ ಮಾಡಿಕೊಂಡು ತನ್ನ ಮಾತು ಅರ್ಥ ಮಾಡಿಸೋದು. ಆರೋಗ್ಯದ ಸಮಸ್ಯೆಯಿಂದ ಇವುಗಳಲ್ಲಿ ತೊಂದರೆ ಇದೆಯಾ ಅಂತ ಒಂದೊಂದಾಗಿ ಕೇಳಬೇಕು. ಉತ್ತರ ನಾಲ್ಕೇ: ತೊಂದರೆ ಇಲ್ಲ, ಸ್ವಲ್ಪ ತೊಂದರೆ ಇದೆ, ತುಂಬಾ ತೊಂದರೆ ಇದೆ, ಮಾಡೋಕೆ ಆಗೋದೇ ಇಲ್ಲ.

ಈಗ ಗೊಂದಲ ಶುರುವಾಗಿದೆ. ಪಂಚಾಯಿತಿಯಲ್ಲಿರುವ ವಿಕಲಚೇತನರ ಪಟ್ಟಿಗೂ ನಮ್ಮ ಹಾಳೆಗಳಿಗೂ ತಾಳೆಯೇ ಆಗ್ತಿಲ್ಲ. ಪಟ್ಟಿಯಲ್ಲಿ ಇಲ್ಲದ ಎಷ್ಟೋ ಜನರಿಗೆ ನಾವು "ತುಂಬಾ ತೊಂದರೆ" ಅಂತ ಬರೆದಿದ್ದೇವೆ. ಸದಸ್ಯರೊಬ್ಬರು ನೇರವಾಗಿಯೇ ಕೇಳಿದ್ರು, "ಮಂಡಿ ನೋವಿನ ಮುದುಕೇರನ್ನೆಲ್ಲ ಅಂಗವಿಕಲರು ಅಂತ ಬರ್ಕೊಂಡು ನಮ್ಮೂರ ಹೆಸರು ಕೆಡಸ್ತೀರೇನ್ರಿ?"

ಒಂದು ಮನೆ ಮಾತ್ರ ನನ್ನ ತಲೆಯಿಂದ ಹೋಗ್ತಿಲ್ಲ. ಕಟ್ಟೆ ಮೇಲೆ ಅಜ್ಜಿ ಮೊರ ಇಟ್ಕೊಂಡು ಅಕ್ಕಿ ಆರಿಸ್ತಿದ್ರು. ನಾವು ಬಾಗಿಲಲ್ಲಿ ನಿಲ್ಲೋ ಹೊತ್ತಿಗೇ ಸೊಸೆ, "ನಮ್ಮನ್ಯಾಗ ಅಂಗವಿಕಲರು ಯಾರೂ ಇಲ್ಲ ಬಿಡ್ರಿ" ಅಂದ್ರು. ಆದರೂ ಎಲ್ಲರದ್ದೂ ಬರೀಬೇಕಲ್ಲ ಅಂತ ನಮ್ಮ ಹುಡುಗಿ ಅಜ್ಜಿ ಪಕ್ಕ ಕೂತು ಪ್ರಶ್ನೆ ಓದಿದಳು. ಅಜ್ಜಿ ಮೊರದಿಂದ ಕೈ ತೆಗೆಯದೇನೇ, "ಏನ್ ಕಾಣತೈತವ್ವ, ಕೈಗೆ ಹತ್ತಿದ ಕಲ್ಲು ತೆಗೀತೀನಿ, ಕಣ್ಣಿಗಂತೂ ಒಂದೂ ಸಿಗಂಗಿಲ್ಲ" ಅಂದ್ರು. ನೋಡಿದರೆ ಹೌದು, ಬೆರಳು ಅಕ್ಕಿ ಮೇಲೆ ಸಣ್ಣಗೆ ಆಡ್ತಾನೇ ಇತ್ತು, ಕಣ್ಣು ಮಾತ್ರ ಬೀದಿ ಕಡೆ. ಅವರ ಹೆಸರು ಯಾವ ಪಟ್ಟಿಯಲ್ಲೂ ಇಲ್ಲ. ಕಾರ್ಡೂ ಇಲ್ಲ.

ನಮ್ಮ ಮೇಲಿನವರು ಎರಡು ಬದಲಾವಣೆ ಹೇಳ್ತಿದ್ದಾರೆ. ಮೊದಲು "ನಿಮ್ಮ ಮನೆಯಲ್ಲಿ ವಿಕಲಚೇತನರು ಇದ್ದಾರಾ?" ಅಂತ ಕೇಳಿ, ಇದ್ದರೆ ಮಾತ್ರ ಆರು ಪ್ರಶ್ನೆಗೆ ಹೋಗೋಣ, ಟೈಮ್ ಉಳಿಯುತ್ತೆ ಅಂತ. ಇನ್ನೊಂದು, ನಾಲ್ಕು ಉತ್ತರ ಯಾಕೆ, ಹೌದು/ಇಲ್ಲ ಸಾಕು ಅಂತ. ಒಪ್ಪಲು ನನಗೆ ಮನಸ್ಸಿಲ್ಲ. ಆದರೆ ಯಾಕೆ ಬೇಡ ಅಂತ ಗಟ್ಟಿಯಾಗಿ ಹೇಳೋಕೆ ಆಧಾರ ಬೇಕು. ಪಟ್ಟಿ ತಪ್ಪಾ, ಪ್ರಶ್ನೆ ತಪ್ಪಾ? ತಿಳಿದವರು ದಯವಿಟ್ಟು ಹೇಳಿ.

---

ಅಂಕಿಸಂಖ್ಯೆ ಮೇಷ್ಟ್ರು, ಮೈಸೂರು

ಎರಡೂ ತಪ್ಪಲ್ಲ. ಪಟ್ಟಿ ಉತ್ತರಿಸೋದು ಒಂದು ಪ್ರಶ್ನೆಗೆ, ನಿಮ್ಮ ಹಾಳೆ ಉತ್ತರಿಸೋದು ಇನ್ನೊಂದಕ್ಕೆ. ನಾನು ನಿವೃತ್ತನಾಗುವ ತನಕ ಸಮೀಕ್ಷೆಯ ಹುಡುಗ ಹುಡುಗಿಯರಿಗೆ ತರಬೇತಿ ಕೊಡುವ ಕೆಲಸದಲ್ಲೇ ಇದ್ದವನು. ಹಾಗಾಗಿ ಸ್ವಲ್ಪ ಉದ್ದ ಆಗುತ್ತೆ, ಓದಿಕೊಳ್ಳಿ.

ಪಂಚಾಯಿತಿ ಪಟ್ಟಿಯಲ್ಲಿರೋರು ಯಾರು? ಡಾಕ್ಟರ ಮುಂದೆ ಹೋಗಿ ಶೇಕಡಾವಾರು ಬರೆಸಿಕೊಂಡು ಯುಡಿಐಡಿ ಕಾರ್ಡ್, ಅಂದರೆ ಸರ್ಕಾರ ಅಂಗವಿಕಲರಿಗೆ ಕೊಡುವ ಗುರುತಿನ ಚೀಟಿ, ಮಾಡಿಸಿದವರು, ಇಲ್ಲವೇ ಮಾಸಾಶನಕ್ಕೆ ಅರ್ಜಿ ಹಾಕಿದವರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಹೆಸರಿಸುತ್ತೆ, ಮೀಸಲಾತಿಯಂಥ ಸೌಲಭ್ಯಕ್ಕೆ ಶೇಕಡಾ 40ರ ಗೆರೆ ಎಳೆಯುತ್ತೆ. ಆ ಪಟ್ಟಿ ಇರೋದು ಯಾರಿಗೆ ಏನು ಸಲ್ಲಬೇಕು ಅಂತ ತೀರ್ಮಾನಿಸೋಕೆ. ಆಸ್ಪತ್ರೆಯ ತನಕ ಹೋಗೋಕಾಗದ, ಹೋಗಬೇಕು ಅನ್ನೋದೇ ಹೊಳೆಯದ ನಿಮ್ಮ ಅಜ್ಜಿ ಅದರಲ್ಲಿ ಎಲ್ಲಿಂದ ಬರಬೇಕು? ಆರು ಪ್ರಶ್ನೆ ಯಾರಿಗೂ ಸರ್ಟಿಫಿಕೇಟ್ ಕೊಡೋದಿಲ್ಲ. ನೋಡೋದು, ನಡೆಯೋದು ಕಷ್ಟವಾದವರು ಊರ ಬದುಕಿನಲ್ಲಿ ಉಳಿದವರಿಗಿಂತ ಎಷ್ಟು ಹಿಂದೆ ಉಳಿದಿದ್ದಾರೆ ಅಂತ ತೋರಿಸೋದು ಅದರ ಕೆಲಸ. ಆ ಸದಸ್ಯರಿಗೆ ಇದಿಷ್ಟು ಹೇಳಿ. ಅಂಗವಿಕಲರು ಅಂತ ಯಾರನ್ನೂ ನೀವು ಬರೆದಿಲ್ಲ, ಮೆಟ್ಟಿಲು ಹತ್ತೋಕೆ ತುಂಬಾ ತೊಂದರೆ ಅಂತ ಮಾತ್ರ ಬರೆದಿದ್ದೀರಿ.

ಈ ಪ್ರಶ್ನೆಗಳು ಯಾಕೆ ಹುಟ್ಟಿದವು ಅನ್ನೋದು ಗೊತ್ತಿದ್ದರೆ ನಿಮ್ಮ ಮೇಲಿನವರ ಹತ್ತಿರ ಮಾತಾಡೋದು ಸುಲಭ. 2001ರ ಜನಗಣತಿಯಲ್ಲಿ ಭಾರತದ ಅಂಗವಿಕಲರು ಶೇ. 2.1. ಹೆಚ್ಚುಕಡಿಮೆ ಅದೇ ಕಾಲಕ್ಕೆ, 2000ದ ಗಣತಿಯಲ್ಲಿ, ಬ್ರೆಜಿಲ್ ಶೇ. 14.5 ಅಂದಿತು. ನ್ಯೂಜಿಲೆಂಡಿನ ಸಮೀಕ್ಷೆ ಐವರಲ್ಲಿ ಒಬ್ಬರು ಅಂದಿತು. ನಮ್ಮಲ್ಲಿ ಪೋಲಿಯೊ, ಅಪೌಷ್ಟಿಕತೆ, ಕಣ್ಣಿನ ಪೊರೆ, ರಸ್ತೆ ಅಪಘಾತ ಎಲ್ಲ ಇದ್ದೂ ನ್ಯೂಜಿಲೆಂಡಿನವರಿಗಿಂತ ನಾವು ಹತ್ತು ಪಟ್ಟು ಗಟ್ಟಿಮುಟ್ಟೇ? ಒಬ್ಬೊಬ್ಬರು ಒಂದೊಂದು ಸೇರಿನಲ್ಲಿ ಅಳೆದು, ಬಂದ ಲೆಕ್ಕವನ್ನು ಪಕ್ಕಪಕ್ಕ ಇಟ್ಟ ಹಾಗಾಗಿತ್ತು. 2001ರಲ್ಲಿ ನ್ಯೂಯಾರ್ಕ್‌ನಲ್ಲಿ ನಡೆದ ವಿಶ್ವಸಂಸ್ಥೆಯ ವಿಚಾರ ಸಂಕಿರಣದಲ್ಲಿ ಇದೇ ಚರ್ಚೆಯಾಗಿ, ನಾನಾ ದೇಶಗಳ ಅಂಕಿಸಂಖ್ಯೆ ಕಚೇರಿಗಳು ಸೇರಿ ಒಂದು ಗುಂಪು ಕಟ್ಟಿದವು. ಮೊದಲ ಸಭೆ 2002ರಲ್ಲಿ ವಾಷಿಂಗ್ಟನ್‌ನಲ್ಲಿ ನಡೆಯಿತು, ಹೆಸರು ಹಾಗೇ ನಿಂತಿತು. ಅಮೆರಿಕದವರು ಬರೆದುಕೊಟ್ಟ ಪ್ರಶ್ನೆಗಳು ಅಂತ ಕೆಲವರು ತಿಳಿದಿದ್ದಾರೆ, ಹಾಗಲ್ಲ. ಹಲವು ದೇಶಗಳಲ್ಲಿ ಜನರ ಮುಂದೆ ಓದಿ, ಅವರು ಏನು ಅರ್ಥ ಮಾಡಿಕೊಂಡರು ಅಂತ ಕೆದಕಿ ಕೇಳಿ, 2006ರ ಹೊತ್ತಿಗೆ ಈ ಆರಕ್ಕೆ ಬಂದು ನಿಂತರು. ಅಂಗವಿಕಲರ ಹಕ್ಕುಗಳ ಒಡಂಬಡಿಕೆಯನ್ನು ವಿಶ್ವಸಂಸ್ಥೆ ಅಂಗೀಕರಿಸಿದ್ದೂ ಅದೇ ವರ್ಷ. ಅದರ 31ನೇ ವಿಧಿ ಅಂಕಿ ಅಂಶ ಸಂಗ್ರಹಿಸುವುದು ಸರ್ಕಾರಗಳ ಹೊಣೆ ಅನ್ನುತ್ತೆ, ಭಾರತ 2007ರಲ್ಲೇ ಅದಕ್ಕೆ ಸಹಿ ಹಾಕಿ ಒಪ್ಪಿದೆ.

ಈಗ ಆ "ಮೊದಲು ಒಂದು ಪ್ರಶ್ನೆ ಕೇಳಿ ಸೋಸೋಣ" ಅನ್ನೋ ಸಲಹೆ. ದಯವಿಟ್ಟು ಬೇಡ. ಮಿಕ್ಕದ್ದೆಲ್ಲ ಬಿಟ್ಟರೂ ಇದೊಂದರಲ್ಲಿ ಜಗ್ಗಬೇಡಿ. ಜಾಂಬಿಯಾ ದೇಶ 2000ದ ಜನಗಣತಿಯಲ್ಲಿ ನಿಮ್ಮವರು ಹೇಳಿದಂತೆಯೇ ಮಾಡಿತ್ತು. ಈ ವ್ಯಕ್ತಿ ಅಂಗವಿಕಲರೇ ಅಂತ ಕೇಳಿ, ಹೌದು ಅಂದವರಿಗೆ ಮಾತ್ರ ಯಾವ ಬಗೆ ಅಂತ ಕೇಳಿತು. ಬಂದದ್ದು ಶೇ. 2.7. 2006ರಲ್ಲಿ ಅದೇ ದೇಶದ ಸಮೀಕ್ಷೆಯೊಂದರಲ್ಲಿ ಸೋಸದೆ ಈ ಆರು ಪ್ರಶ್ನೆ ಕೇಳಿದರು. ಯಾವುದಾದರೂ ಒಂದರಲ್ಲಿ "ತುಂಬಾ ತೊಂದರೆ" ಅಥವಾ "ಆಗೋದೇ ಇಲ್ಲ" ಅಂದವರು ಶೇ. 8.5. ಆರು ವರ್ಷದಲ್ಲಿ ಒಂದು ದೇಶದ ಜನರ ಕಣ್ಣು ಕಾಲು ಮೂರು ಪಟ್ಟು ಕೆಡುತ್ತವೆಯೇ? ನಿಮ್ಮ ಆ ಸೊಸೆ "ನಮ್ಮನ್ಯಾಗ ಯಾರೂ ಇಲ್ಲ" ಅಂದಾಗ ಸುಳ್ಳು ಹೇಳಲಿಲ್ಲ. ಅವರ ಕಣ್ಣಲ್ಲಿ ಅತ್ತೆಗೆ ವಯಸ್ಸಾಗಿದೆ, ಅಷ್ಟೇ. ಸೋಸುವ ಪ್ರಶ್ನೆ ಇದ್ದಿದ್ದರೆ ನಿಮ್ಮ ಹುಡುಗಿ ಆ ಕಟ್ಟೆ ಮೇಲೆ ಕೂರುತ್ತಲೇ ಇರಲಿಲ್ಲ. ಟೈಮ್ ಉಳಿಯುತ್ತೆ ಅನ್ನೋದೂ ಅಷ್ಟರಲ್ಲೇ ಇದೆ, ಕೈ ಕುದುರಿದ ಮೇಲೆ ಒಬ್ಬರ ಆರು ಪ್ರಶ್ನೆಗೆ ಎರಡು ನಿಮಿಷವೂ ಹಿಡಿಯೋದಿಲ್ಲ.

ಹೌದು/ಇಲ್ಲ ಕೂಡ ಬೇಡ. ನಮ್ಮ ಜನ "ಇಲ್ಲ" ಅನ್ನೋದರಲ್ಲಿ ನಿಸ್ಸೀಮರು. ನಾಲ್ಕು ಉತ್ತರಗಳನ್ನು ಮೆಟ್ಟಿಲಿನ ಹಾಗೆ ಮುಂದಿಟ್ಟರೆ ತಾವು ಎಲ್ಲಿ ನಿಂತಿದ್ದೇವೆ ಅಂತ ಯೋಚನೆ ಮಾಡ್ತಾರೆ. ಅದಕ್ಕೇ ನಾಲ್ಕನ್ನೂ ಪ್ರತಿ ಸಲ ಪೂರ್ತಿ ಓದಬೇಕು. ಮೂರನೇ ಮನೆ ಹೊತ್ತಿಗೆ ಹುಡುಗರು "ಕಣ್ಣು? ಕಿವಿ? ಕಾಲು?" ಅಂತ ತರಕಾರಿ ಲೆಕ್ಕ ಹಾಕಿದ ಹಾಗೆ ಕೇಳೋಕೆ ಶುರು ಮಾಡ್ತಾರೆ, ಅಲ್ಲಿಗೆ ಸಮೀಕ್ಷೆ ಕೆಟ್ಟಿತು. ಇನ್ನೂ ಕೆಲವು ಸಣ್ಣ ವಿಷಯ. ನೋಡುವ ಪ್ರಶ್ನೆಯಲ್ಲಿ "ಕನ್ನಡಕ ಹಾಕಿಕೊಂಡರೂ", ಕೇಳುವ ಪ್ರಶ್ನೆಯಲ್ಲಿ "ಕಿವಿಯ ಯಂತ್ರ ಹಾಕಿಕೊಂಡರೂ" ಅನ್ನೋದು ಬಿಡಬಾರದು. ನಡೆಯುವ ಪ್ರಶ್ನೆಯಲ್ಲಿ ಮಾತ್ರ ಕೋಲು, ಊರುಗೋಲು ಇಲ್ಲದೆ ಹೇಗೆ ಅಂತ ಲೆಕ್ಕ. ಈ ಭಾಗ ಶುರುವಾಗುವ ಮುಂಚೆ "ಈಗ ಅಂಗವೈಕಲ್ಯದ ಬಗ್ಗೆ ಕೇಳ್ತೀವಿ" ಅನ್ನಬಾರದು. ವಯಸ್ಸಿನ ಕಾರಣಕ್ಕೆ ಬಂದದ್ದು ಅಂತ ಯಾರಾದರೂ ತಾವೇ ಹೇಳಿದರೂ ಕಡಿಮೆ ಮಾಡಿ ಬರೀಬೇಡಿ.

"ಸ್ವಲ್ಪ ತೊಂದರೆ"ಯವರನ್ನು ಸೇರಿಸಿ ಒಂದೇ ಮೊತ್ತ ತೆಗೆಯೋಣ ಅಂತ ನಾಳೆ ಯಾರಾದರೂ ಹೇಳಿಯಾರು. ಅದಕ್ಕೆ ಬ್ರೆಜಿಲ್ ಕಥೆ ಇಟ್ಟುಕೊಳ್ಳಿ. 2010ರ ಗಣತಿಯಲ್ಲಿ ಅವರು ತೊಂದರೆಯ ಪ್ರಮಾಣ ಕೇಳಿ, "ಸ್ವಲ್ಪ"ದವರನ್ನೂ ಸೇರಿಸಿ ಶೇ. 23.9, ಅಂದರೆ ನಾಲ್ಕೂವರೆ ಕೋಟಿಗೂ ಹೆಚ್ಚು ಅಂತ ಪ್ರಕಟಿಸಿದರು. 2018ರಲ್ಲಿ ಅವರದೇ ಸಂಸ್ಥೆ ಅವವೇ ಉತ್ತರಗಳನ್ನು ವಾಷಿಂಗ್ಟನ್ ಗ್ರೂಪ್‌ನ ಗೆರೆಯಿಂದ, ಅಂದರೆ ಯಾವುದಾದರೂ ಒಂದರಲ್ಲಿ "ತುಂಬಾ ತೊಂದರೆ" ಅಥವಾ "ಆಗೋದೇ ಇಲ್ಲ" ಅಂದವರನ್ನು ಮಾತ್ರ ಸೇರಿಸಿ, ಮತ್ತೆ ಲೆಕ್ಕ ಹಾಕಿತು. ಬಂದದ್ದು ಶೇ. 6.7, ಸುಮಾರು 1.27 ಕೋಟಿ. ಒಬ್ಬೇ ಒಬ್ಬರನ್ನು ಮತ್ತೆ ಮಾತಾಡಿಸದೆ ಮೂರು ಕೋಟಿಗೂ ಹೆಚ್ಚು ಜನ ಲೆಕ್ಕದಿಂದ ಆಚೆ ಹೋದರು! ಗೆರೆ ಎಲ್ಲಿ ಅಂತ ಬರೆಯದ ಸಂಖ್ಯೆಯನ್ನು ಯಾವ ಊರಿನ, ಯಾವ ದೇಶದ ಸಂಖ್ಯೆಗೂ ಹೋಲಿಸೋಕೆ ಬರೋದಿಲ್ಲ.

ಕೊನೆಗೆ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸೋದು. ಶೇಕಡಾ ಎಷ್ಟು ಅಂತ ಒಂದು ಸಂಖ್ಯೆ ಬರೆದು ಮುಗಿಸಬೇಡಿ. ನಿಮ್ಮ ಹತ್ತಿರ ಶೌಚಾಲಯದ ಪ್ರಶ್ನೆಯೂ ಇದೆಯಲ್ಲ? ಅದನ್ನು ಮನೆಗೊಂದು ಅಂತ ಕೇಳಿದ್ದರೆ "ಇದೆ" ಅಂತಲೇ ಬರುತ್ತೆ. ಆದರೆ ಮಂಡಿ ಬಗ್ಗದ ಅಜ್ಜಿ ಎತ್ತರದ ಮೆಟ್ಟಿಲು, ಕೆಳಗೆ ಕೂರುವ ಕಮೋಡು ನೋಡಿ ಇನ್ನೂ ಹೊಲದ ಬದುವಿಗೇ ಹೋಗ್ತಿರ್ತಾರೆ. ಮನೆಯ ಪ್ರತಿಯೊಬ್ಬರೂ ಬಳಸ್ತಾರಾ ಅಂತ ಒಬ್ಬೊಬ್ಬರದ್ದೂ ಕೇಳಿ, ಆರು ಪ್ರಶ್ನೆಯ ಉತ್ತರದ ಪಕ್ಕ ಇಡಿ. ನಡೆಯೋಕೆ ತುಂಬಾ ತೊಂದರೆ ಇರುವವರಲ್ಲಿ ಎಷ್ಟು ಜನ ಬಳಸ್ತಾರೆ, ಉಳಿದವರಲ್ಲಿ ಎಷ್ಟು? ಶಾಲೆ, ಕೂಲಿ, ನೀರು ತರೋದು, ಎಲ್ಲವನ್ನೂ ಹೀಗೇ ನೋಡಿ. ವಿಶ್ವಸಂಸ್ಥೆಯ 2015ರ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ 17.18 ಅಂತ ಇರುವುದು ಕೇಳೋದೂ ಇದನ್ನೇ, ಅಂಕಿಗಳನ್ನು ವಯಸ್ಸು, ಲಿಂಗದ ಹಾಗೇ ಅಂಗವೈಕಲ್ಯದ ಪ್ರಕಾರವೂ ಬಿಡಿಸಿ ಕೊಡಿ ಅಂತ. ಆ ಸದಸ್ಯರ ಮುಂದೆ ಇಂಥ ಒಂದು ಕೋಷ್ಟಕ ಇಟ್ಟು ನೋಡಿ. ಊರಿನ ಹೆಸರಿನ ಚಿಂತೆ ಬಿಟ್ಟು ಮೆಟ್ಟಿಲಿಗೆ ಕಂಬಿ ಹಾಕಿಸುವ ಮಾತು ಬರುತ್ತೆ.

---

ನಿವೃತ್ತ ಟೀಚರ್, ಹಾಸನ

ಮೇಷ್ಟ್ರು ಹೇಳಿದ ಸೋಸುವ ಪ್ರಶ್ನೆ ನಮ್ಮ ಜನಗಣತಿಯಲ್ಲೂ ಇತ್ತು. 2011ರ ಫೆಬ್ರವರಿಯಲ್ಲಿ ನಾನು ಗಣತಿದಾರಳಾಗಿದ್ದೆ. ಕುಟುಂಬದ ನಮೂನೆಯ 9ನೇ ಪ್ರಶ್ನೆ ಅದು. ಈ ವ್ಯಕ್ತಿ ಮಾನಸಿಕವಾಗಿ ಅಥವಾ ದೈಹಿಕವಾಗಿ ಅಂಗವಿಕಲರೇ ಅಂತ ಕೇಳಿ, ಹೌದು ಅಂದರೆ ಎಂಟು ಬಗೆಗಳಲ್ಲಿ ಯಾವುದು ಅಂತ ಸಂಖ್ಯೆ ಹಾಕಬೇಕಿತ್ತು.

ಆ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳೋದೇ ಎಷ್ಟು ಕಷ್ಟ ಅಂತ ಹೇಳಲಾರೆ. ಮದುವೆಗೆ ಬಂದ ಹುಡುಗಿ ಇರುವ ಮನೆಯಲ್ಲಿ ತಾಯಂದಿರ ಮುಖ ಸಪ್ಪಗಾಗೋದು. ಒಳಗಿನ ಕೋಣೆಯಲ್ಲಿ ಯಾರೋ ಇದ್ದಾರೆ ಅಂತ ಗೊತ್ತಾಗ್ತಿತ್ತು, "ಅವನು ಚೆನ್ನಾಗೇ ಇದಾನೆ ಮೇಡಂ" ಅಂತ ಬಾಗಿಲು ಮುಂದಕ್ಕೆ ಎಳೀತಿದ್ರು. ಬಾಗಿಲು ತಳ್ಳಿಕೊಂಡು ಹೋಗೋಕಾಗುತ್ತಾ? ಹೇಳಿದ್ದನ್ನೇ ಬರೀತಿದ್ದೆವು. ಕೊನೆಗೆ ದೇಶದಲ್ಲಿ ಶೇ. 2.21, ನಮ್ಮ ರಾಜ್ಯದಲ್ಲಿ ಸುಮಾರು 13.24 ಲಕ್ಷ ಅಂತ ಬಂತು. ಇನ್ನೊಂದು ನೆನಪಿಡಿ. 2001ರಲ್ಲಿ ಒಂದೇ ಕಣ್ಣಿರುವವರನ್ನು ಲೆಕ್ಕಕ್ಕೆ ತಗೊಂಡಿದ್ದರು, 2011ರಲ್ಲಿ ತಗೊಳ್ಳಲಿಲ್ಲ. ಹಾಗಾಗಿ ನಮ್ಮದೇ ಎರಡು ಗಣತಿಗಳನ್ನು ಹೋಲಿಸುವಾಗಲೂ ಹುಷಾರಾಗಿರಬೇಕು.

"ಮೆಟ್ಟಿಲು ಹತ್ತೋಕೆ ತೊಂದರೆ ಆಗುತ್ತಾ?" ಅಂತ ಕೇಳೋದಿದ್ದರೆ ಆ ತಾಯಂದಿರು ನನ್ನನ್ನು ಕೂರಿಸಿ ಮಾತಾಡ್ತಿದ್ರು ಅಂತ ಈಗ ಅನ್ನಿಸ್ತಿದೆ.

---

ವಿ.ಆರ್.ಡಬ್ಲ್ಯು., ಸಿಂಧನೂರು ಕಡೆ

ನಾನು ಗ್ರಾಮ ಪಂಚಾಯಿತಿ ಮಟ್ಟದಾಗ ಪುನರ್ವಸತಿ ಕಾರ್ಯಕರ್ತ ಅದೀನ್ರಿ. ಪಟ್ಟಿ ಮಾಡೋದು ನಮ್ಮ ಕೆಲಸಾನ. ಅಕ್ಕಾರ, ಒಂದು ಮಾತು ಹೇಳ್ತೀನಿ, ತಪ್ಪು ತಿಳ್ಕೋಬ್ಯಾಡ್ರಿ. ನಿಮ್ಮ ಸರ್ವೇದವರು ಬಂದು ಹೋದ ಮ್ಯಾಲ ಮಂದಿ ನಮ್ಮ ಮನಿಗೆ ಬರ್ತಾರ. "ಮೊನ್ನಿ ಬರ್ಕೊಂಡು ಹೋದ್ರಲ್ಲ, ಪಗಾರ ಯಾವಾಗ ಶುರು ಆಗ್ತೈತಿ?" ಅಂತ ಕೇಳ್ತಾರ. ನಮ್ಮ ಕಡೆ ಮಾಸಾಶನಕ್ಕ ಪಗಾರ ಅಂತಾರ. ಏನ್ ಹೇಳಬೇಕ್ರಿ ನಾವು?

ಅದಕ್ಕ ಪ್ರಶ್ನೆ ಶುರು ಮಾಡೂ ಮುಂಚೇನ, ಈ ಸರ್ವೆಗೂ ಕಾರ್ಡಿಗೂ ರೊಕ್ಕಕ್ಕೂ ಸಂಬಂಧ ಇಲ್ಲ ಅಂತ ಬಿಡಿಸಿ ಹೇಳ್ರಿ. ಆಸೆ ಇಟ್ಕೊಂಡು ಹೆಚ್ಚು ಹೇಳೋರು ಇರ್ತಾರ, ಇದ್ದದ್ದು ಕಸ್ಕೋತಾರ ಅಂತ ಹೆದರಿ ಕಡಿಮಿ ಹೇಳೋರೂ ಇರ್ತಾರ. "ತುಂಬಾ ತೊಂದರೆ" ಅಂದೋರ ಹೆಸರು ಪಂಚಾಯಿತಿಗೆ ಕೊಡಬ್ಯಾಡ್ರಿ, ಅವರು ಹೇಳಿದ್ದು ನಿಮಗ, ಊರಿಗಲ್ಲ. ಆದ್ರ ಕಣ್ಣು ಕಾಣದ ಆ ಅಜ್ಜಿ ಅಂಥೋರಿಗೆ ತಾಲ್ಲೂಕು ಆಸ್ಪತ್ರಿ ಹೆಸರು, ತಪಾಸಣಾ ಶಿಬಿರ ಇದ್ರ ಅದರ ತಾರೀಖು ಒಂದು ಚೀಟಿ ಮ್ಯಾಲ ಬರದು ಕೊಡ್ರಿ. ಹೋಗೋದು ಬಿಡೋದು ಅವರಿಗೆ ಬಿಟ್ಟದ್ದು. ಪೊರೆ ಬಂದಿದ್ರ ಆಪರೇಷನ್ ಆಗ್ತೈತಿ, ಕಾಣಸ್ತೈತಿ.

ಇನ್ನ "ತೊಂದರೆ" ಅಂದ್ರ ನಮ್ಮ ಕಡೆ ಕೆಲವರು ಬ್ಯಾರೆ ಏನೋ ಅನ್ಕೋತಾರ. "ತ್ರಾಸ ಆಗತೈತೇನು?" ಅಂತ ಕೇಳ್ರಿ. ಆದ್ರ ಹುಡುಗರೆಲ್ಲ ಒಂದೇ ಥರ ಕೇಳಂಗ ನೋಡ್ಕೋರಿ.

---

ಕಿವಿಯಂತ್ರದವ, ಅಮೆರಿಕದಿಂದ

ಒಳ್ಳೆಯ ಚರ್ಚೆ. ಆದರೆ ಮೇಷ್ಟ್ರೇ, ಆ ಗೆರೆಯ ಬಗ್ಗೆ ನನ್ನದೊಂದು ತಕರಾರಿದೆ.

ನನಗೆ ಚಿಕ್ಕಂದಿನಿಂದ ಎರಡೂ ಕಿವಿ ಮಂದ. ಯಂತ್ರ ಹಾಕಿಕೊಂಡರೆ ಎದುರಿಗೆ ಕೂತವರ ಮಾತು ಕೇಳಿಸುತ್ತೆ. ನಾಲ್ಕು ಜನ ಒಟ್ಟಿಗೆ ಮಾತಾಡಿದರೆ, ಮೀಟಿಂಗ್‌ನಲ್ಲಿ, ಹೋಟೆಲಿನಲ್ಲಿ, ನಾನು ಇದ್ದೂ ಇಲ್ಲದವನು. ನಿಮ್ಮ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರಿಸಿದರೆ ನನ್ನದು "ಸ್ವಲ್ಪ ತೊಂದರೆ". ಅಂದರೆ ನಾನು ಲೆಕ್ಕಕ್ಕಿಲ್ಲ. ಯಂತ್ರದ ಬ್ಯಾಟರಿ ಮುಗಿದ ದಿನ ನನ್ನ ಕೆಲಸವೇ ನಿಲ್ಲುತ್ತೆ, ಅದು ಎಲ್ಲಿ ದಾಖಲಾಗುತ್ತೆ?

ಇಲ್ಲಿ ಇದೇ ವಿಷಯಕ್ಕೆ ದೊಡ್ಡ ಗಲಾಟೆಯಾಯಿತು. ಅಮೆರಿಕದ ಜನಗಣತಿ ಕಚೇರಿ 2008ರಿಂದ ತನ್ನ ವಾರ್ಷಿಕ ಸಮೀಕ್ಷೆಯಲ್ಲಿ ಹೌದು/ಇಲ್ಲ ಉತ್ತರದ ಆರು ಪ್ರಶ್ನೆ ಕೇಳುತ್ತಿದೆ. 2023ರಲ್ಲಿ ಅದನ್ನು ಬಿಟ್ಟು ವಾಷಿಂಗ್ಟನ್ ಗ್ರೂಪ್‌ನ ಪ್ರಶ್ನೆಗಳಿಗೆ ಹೋಗ್ತೀವಿ ಅಂದರು. 2022ರಲ್ಲಿ ಎರಡನ್ನೂ ಪರೀಕ್ಷೆಗೆ ಇಟ್ಟಾಗ ಹಳೆಯದರಲ್ಲಿ ಶೇ. 13.9 ಇದ್ದದ್ದು ಹೊಸದರಲ್ಲಿ, "ತುಂಬಾ ತೊಂದರೆ"ಯ ಗೆರೆ ಹಾಕಿದಾಗ, ಶೇ. 8.1ಕ್ಕೆ ಇಳಿದಿತ್ತು. ಅಂಗವಿಕಲರ ಸಂಘಟನೆಗಳು ಸುಮ್ಮನಿರಲಿಲ್ಲ. 12,000ಕ್ಕೂ ಹೆಚ್ಚು ಅಭಿಪ್ರಾಯಗಳು ಹೋದವು, 2024ರ ಫೆಬ್ರವರಿಯಲ್ಲಿ ಕಚೇರಿ ಆ ಬದಲಾವಣೆಯನ್ನು ಕೈಬಿಟ್ಟಿತು. ದೇಶ ದೇಶಗಳ ಹೋಲಿಕೆ ಚೆನ್ನ, ಒಪ್ಪುತ್ತೇನೆ. ಆದರೆ ಮನೆ, ಸಾರಿಗೆ, ನೆರವಿನ ಹಣ ಹಂಚೋದು ಇದೇ ಸಂಖ್ಯೆ ನೋಡಿ ಆದಾಗ ಗೆರೆಯ ಆಚೆ ಬಿದ್ದವರು ಏನು ಮಾಡಬೇಕು? ಪ್ರಶ್ನೆ ಬದಲಿಸುವ ಮುಂಚೆ ನಮ್ಮನ್ನು ಕೇಳಬೇಕಿತ್ತು. ಕೊಪ್ಪಳದಲ್ಲೂ ಪ್ರಶ್ನೆ ಕೇಳುವ ತಂಡದಲ್ಲಿ ಅಂಗವಿಕಲರು ಇದ್ದಾರಾ?

---

ಅಂಕಿಸಂಖ್ಯೆ ಮೇಷ್ಟ್ರು, ಮೈಸೂರು

ನಿಮ್ಮ ತಕರಾರು ನ್ಯಾಯವಾದದ್ದು. ಆ ಗೆರೆ ದೇಶ ದೇಶಗಳನ್ನು ಪಕ್ಕಪಕ್ಕ ಇಡೋಕೆ. ಅನುದಾನ ಹಂಚುವವರು ಅದನ್ನೇ ಕೊನೆಯ ಮಾತು ಮಾಡಿಕೊಂಡರೆ ನಿಮ್ಮಂಥವರಿಗೆ ಅನ್ಯಾಯ. ಅದಕ್ಕೇ ನಾಲ್ಕೂ ಉತ್ತರಗಳನ್ನು ಹಾಗೇ ಇಟ್ಟು, ನಾಲ್ಕರದ್ದೂ ಕೋಷ್ಟಕ ಪ್ರಕಟಿಸಬೇಕು. ಹೌದು/ಇಲ್ಲ ಮಾಡಿದರೆ ಆ "ಸ್ವಲ್ಪ"ದವರು ಕಾಗದದ ಮೇಲೂ ಉಳಿಯೋದಿಲ್ಲ. ಯಂತ್ರ, ಊರುಗೋಲು ಇಂಥವುಗಳ ಬಗ್ಗೆ ಇನ್ನೂ ಬಿಡಿಸಿ ಕೇಳುವ ದೊಡ್ಡ ಪ್ರಶ್ನಾವಳಿಯನ್ನೂ ಅದೇ ಗುಂಪು ಮಾಡಿದೆ. ಜನಗಣತಿಯಲ್ಲಿ ಅಷ್ಟು ಜಾಗ ಸಿಗೋದಿಲ್ಲ, ಸಮೀಕ್ಷೆಯಲ್ಲಿ ಸಿಗಬಹುದು. ತಂಡದಲ್ಲಿ ಅಂಗವಿಕಲರು ಇರಬೇಕು ಅನ್ನೋದಕ್ಕೆ ನನ್ನ ಪೂರ್ತಿ ಒಪ್ಪಿಗೆ.

---

ಗಂಗಾವತಿ ಸರ್ವೆಯವಳು

ಎಲ್ಲರಿಗೂ ತುಂಬಾ ಧನ್ಯವಾದ. ಸಿಂಧನೂರಿನ ಅಣ್ಣಾರ, ಚೀಟಿ ಕೊಡೋದು ನಾಳೆಯಿಂದಲೇ ಶುರು. ಅಮೆರಿಕದವರೇ, ಸದ್ಯ ನಮ್ಮ ತಂಡದಲ್ಲಿ ಅಂಗವಿಕಲರು ಯಾರೂ ಇಲ್ಲ. ಇನ್ನೂ ಕೆಲವರನ್ನು ತಗೊಳ್ಳೋದಿದೆ, ಆಗ ಮೊದಲು ಅವರನ್ನೇ ಹುಡುಕ್ತೀನಿ.

ಇನ್ನೆರಡು ಸಂಶಯ. ಮೂರು ವರ್ಷದ ಮಗುವೊಂದು ಇನ್ನೂ ನಿಲ್ಲೋದಿಲ್ಲ, "ಸ್ನಾನ ತಾನೇ ಮಾಡ್ಕೊಳ್ಳುತ್ತಾ" ಅಂತ ಕೇಳಿದರೆ ಆ ವಯಸ್ಸಿನ ಯಾವ ಮಗುವೂ ಮಾಡೋದಿಲ್ಲ. ಇನ್ನೊಂದು ಮನೆಯಲ್ಲಿ ಒಬ್ಬ ಹೆಂಗಸು ತಿಂಗಳುಗಟ್ಟಲೆ ಯಾರ ಜೊತೆಗೂ ಮಾತಿಲ್ಲ, ಊಟ ಸರಿಯಿಲ್ಲ, ನಿದ್ದೆಯಿಲ್ಲ. ಆರಕ್ಕೆ ಆರೂ "ತೊಂದರೆ ಇಲ್ಲ" ಅಂತ ಗಂಡನೇ ಉತ್ತರ ಕೊಟ್ಟರು.

---

ಅಂಕಿಸಂಖ್ಯೆ ಮೇಷ್ಟ್ರು, ಮೈಸೂರು

ಮಗುವಿಗೆ ಈ ಆರು ಹೊಂದೋದಿಲ್ಲ. ಐದು ವರ್ಷದೊಳಗಿನವರಿಗೆ ಇವನ್ನು ಕೇಳಲೇಬಾರದು, ದೊಡ್ಡ ಮಕ್ಕಳಲ್ಲೂ ಎಷ್ಟೋ ತಪ್ಪಿಹೋಗುತ್ತೆ. ಯುನಿಸೆಫ್ ಜೊತೆ ಸೇರಿ 2016ರಲ್ಲಿ ಮಕ್ಕಳದ್ದೇ ಪ್ರಶ್ನಾವಳಿ ತಂದಿದ್ದಾರೆ. 2ರಿಂದ 4 ವರ್ಷಕ್ಕೆ ಒಂದು, 5ರಿಂದ 17ಕ್ಕೆ ಒಂದು. ತಾಯಿಯನ್ನೋ ನೋಡಿಕೊಳ್ಳುವವರನ್ನೋ ಕೇಳಬೇಕು, ಓರಗೆಯ ಮಕ್ಕಳಿಗೆ ಹೋಲಿಸಿ ಕಲಿಯೋದು, ಆಡೋದು ಹೇಗೆ ಅಂತ. ಅದನ್ನೇ ತರಿಸಿಕೊಳ್ಳಿ.

ಆ ಹೆಂಗಸಿನ ವಿಷಯ ಆರು ಪ್ರಶ್ನೆಯ ನಿಜವಾದ ಕೊರತೆ. ಮನಸ್ಸಿನ ಕಾಯಿಲೆ ಇದರಲ್ಲಿ ಸಿಗೋದು ಕಡಿಮೆ. ಆತಂಕ, ಖಿನ್ನತೆಯ ಬಗ್ಗೆ ಕೇಳುವ ಹೆಚ್ಚಿನ ಪ್ರಶ್ನೆಗಳಿವೆ, ಹಣ ಕೊಡುವವರನ್ನು ಒಪ್ಪಿಸಿ ಸೇರಿಸಿ. ಆದರೆ ಅವನ್ನು ಗಂಡನ ಬಾಯಿಂದ ಕೇಳಿದರೆ ಪ್ರಯೋಜನವಿಲ್ಲ. ಹೆಣ್ಣುಮಕ್ಕಳನ್ನು ಹೆಣ್ಣುಮಕ್ಕಳೇ ಕೇಳಲಿ, ಮನೆಯವರ ಕಿವಿಗೆ ಬೀಳದ ಹಾಗೆ ಕೇಳಲಿ. ಪ್ರತಿಯೊಬ್ಬರ ಹಾಳೆಯಲ್ಲೂ ಉತ್ತರ ಕೊಟ್ಟವರು ಯಾರು, ತಾನೇನಾ ಬೇರೆಯವರಾ, ಅಂತ ಒಂದು ಕಾಲಂ ಇಡಿ. ಬೇರೆಯವರು ಅಂತ ಇದ್ದ ಮನೆಗಳಿಗೆ ಸಂಜೆ ಹೊತ್ತು, ಎಲ್ಲರೂ ಗದ್ದೆಯಿಂದ ಬಂದ ಮೇಲೆ, ಇನ್ನೊಂದು ಸಲ ಹೋಗಿ ಬನ್ನಿ.